ನೀರು ಕುಡಿದ ಕಲ್ಲು

ಕಲ್ಲಿಗೆ ಜೀವವಿಲ್ಲ. ದೇವದುರ್ಗದ ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿ ಪ್ರತಿವರ್ಷ ಇದನ್ನೇ ಹೇಳಿಕೊಟ್ಟವನು ನಾನು. ಉಸಿರಾಡುವುದು, ಉಣ್ಣುವುದು, ಬೆಳೆಯುವುದು, ಮರಿ ಹಾಕುವುದು ಜೀವಿಗಳ ಗುಣ. ಕಲ್ಲಿಗೆ ಇವು ಯಾವೂ ಇಲ್ಲ. ದೆವ್ವ, ಪ್ರೇತ ಅಂದವರನ್ನು ಗೇಲಿ ಮಾಡುವುದರಲ್ಲಿ ನನ್ನದು ಎತ್ತಿದ ಕೈ. ಆದ್ದರಿಂದ ಮುಂದಿನದನ್ನು ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಮಾನ್ವಿಯ ನಮ್ಮ ಮನೆಯಲ್ಲಿ ಅಪ್ಪ ತೀರಿಕೊಂಡರು. ಮೂತ್ರಪಿಂಡ ಕೆಟ್ಟು ಮೈಯೆಲ್ಲ ಬಾತಿತ್ತು. ನೀರು ಹೆಚ್ಚು ಕೊಟ್ಟರೆ ಉಳಿಯುವುದಿಲ್ಲ ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು. ಕೊನೆಯ ದಿನ ಅಪ್ಪ ನೀರು, ನೀರು ಎಂದು ಕೈ ಚಾಚಿದರು. ಅವ್ವ ಅಳುತ್ತಲೇ ತಂಬಿಗೆಯನ್ನು ಮರೆಮಾಡಿದಳು.

ದಹನವಾದ ಮೇಲೆ ನಮ್ಮಲ್ಲಿ ಒಂದು ಕಲ್ಲು ಆರಿಸಿ ತರುತ್ತಾರೆ. ಹೋದವರ ಜೀವ ಹತ್ತು ದಿನ ಅದರಲ್ಲೇ ಇರುತ್ತದೆಂದು ನಂಬಿಕೆ. ದಾಹ ತೀರಲೆಂದು ಮಗ ದಿನವೂ ಅದಕ್ಕೆ ಎಳ್ಳುನೀರು ಎರೆಯಬೇಕು. ಅವ್ವನಿಗಾಗಿ ಎರೆದೆ, ಅಷ್ಟೇ. ಅವಳು ಮಾತ್ರ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ.

"ಕೇಳಿದ್ರೂ ಕೊಡಲಿಲ್ಲೋ ನಾ. ಅವರಿಗಿಲ್ಲದ ನೀರು ನನಗ್ಯಾಕ?" ಎನ್ನುತ್ತಿದ್ದಳು.

ಮೂರನೆಯ ದಿನಕ್ಕೆ ಅವಳ ನಾಲಿಗೆ ಒಣಗಿ ಮಾತು ತೊದಲತೊಡಗಿತು. ಅವ್ವನೂ ಹೋಗಿಬಿಡುತ್ತಾಳೆಂದು ನನಗೆ ಹೆದರಿಕೆಯಾಯಿತು.

ಮರುದಿನ ಮಧ್ಯಾಹ್ನ ಹಿತ್ತಲ ಚಪ್ಪರದ ನೆರಳಲ್ಲಿ, ಹಿತ್ತಾಳೆಯ ಹರಿವಾಣದಲ್ಲಿಟ್ಟ ಕಲ್ಲಿನ ಮೇಲೆ ನೀರು ಸುರಿದೆ. ಎಂದಿನಂತೆ ನೀರು ಅದರ ಸುತ್ತ ನಿಂತಿತು. ದೂರದಲ್ಲಿ ಕಂಬಕ್ಕೆ ಒರಗಿದ್ದ ಅವ್ವ ಕೇಳಿದಳು, "ಕುಡದ್ರೇನೋ?"

ಅವಳತ್ತ ತಿರುಗಿದೆ. ಮತ್ತೆ ಹರಿವಾಣ ನೋಡಿದೆ. ನೀರಿರಲಿಲ್ಲ. ಬಟ್ಟೆಯಿಂದ ಒರೆಸಿಟ್ಟಂತೆ ಹರಿವಾಣ ಒಣಗಿತ್ತು. ಎಳ್ಳು ಮಾತ್ರ ಕಲ್ಲಿಗೆ ಅಂಟಿಕೊಂಡಿತ್ತು.

"ಹ್ಞೂಂ, ಕುಡದಾರವ್ವ," ಎಂದೆ. ಅವಳು ತಾನಾಗಿಯೇ ನೀರು ಕೇಳಿ ಕುಡಿದಳು.

ಹರಿವಾಣ ತೂತಾಗಿರಬೇಕೆಂದು ಆಮೇಲೆ ನೀರು ತುಂಬಿ ನೋಡಿದೆ. ಸಂಜೆಯವರೆಗೂ ಒಂದು ಹನಿ ಸೋರಲಿಲ್ಲ. ಅದು ನಮ್ಮ ಕಡೆಯ ಕರಿಗಲ್ಲು, ನೀರು ಹೀರುವಂಥದ್ದಲ್ಲ. ಮರುದಿನ ಎರೆದ ನೀರು ಹಾಗೆಯೇ ನಿಂತಿತ್ತು. ರಜೆ ಮುಗಿದ ಮೇಲೆ ಶಾಲೆಯಲ್ಲಿ ಮತ್ತೆ ಅದೇ ಪಾಠ ಮಾಡಿದೆ.

ಆದರೆ ಹತ್ತನೆಯ ದಿನ ಆ ಕಲ್ಲನ್ನು ತುಂಗಭದ್ರೆಗೆ ಬಿಡಬೇಕಾದಾಗ, ಅದನ್ನು ನೀರಿನೊಳಗೆ ಅಂಗೈಯಲ್ಲಿ ಹಿಡಿದು ಕೂತುಬಿಟ್ಟೆ.

"ಯಾಕ್ರೀ ಮಾಸ್ತರ್ರ, ಬಿಡ್ರಿ," ಎಂದರು ಪುರೋಹಿತರು.

"ಸ್ವಲ್ಪ ತಡೀರಿ," ಎಂದೆ. "ಇನ್ನಷ್ಟು ಕುಡೀಲಿ."