ಮೂರು ಚುಕ್ಕಿಯ ಕಾರು

ಅವಳ ತಾಯಿಯ ತಮ್ಮನನ್ನು ಮನೆಯಲ್ಲಿ, ಗ್ಯಾರೇಜಿನಲ್ಲಿ, ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಸುತ್ತಿಗೆ ಮಾವ ಎಂದೇ. ನಲವತ್ತು ವರ್ಷ ಗುದ್ದಿಸಿಕೊಂಡು ಬಂದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡಿದ ಕೈ ಅವನದು. ಆ ಸದ್ದಿಗೆ ಎಡಗಿವಿ ಹೋಗಿತ್ತು. ಬಲಗಿವಿ ಮಾತ್ರ ಹಾವಿನಷ್ಟು ಚುರುಕು. ಯಾವ ಕಾರಿನ ಮೈಯನ್ನಾದರೂ ಉಗುರಿನಿಂದ ಟೊಕ್ಕೆಂದು ಬಡಿದು, ಇಲ್ಲಿ ಪೆಟ್ಟಾಗಿದೆ, ಇಲ್ಲಿ ಬರೀ ಬಣ್ಣ ಎಂದು ಹೇಳಿಬಿಡುತ್ತಿದ್ದ.

ಅವನದೊಂದು ಚಾಳಿಯಿತ್ತು. ಕೆಲಸ ಮುಗಿದ ಮೇಲೆ, ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ, ಚೂಪು ಮೊಳೆಯಿಟ್ಟು ಸುತ್ತಿಗೆಯಿಂದ ಮೂರು ಏಟು ಹಾಕುತ್ತಿದ್ದ. ಒತ್ತೊತ್ತಾಗಿ ಮೂರು ಚುಕ್ಕಿ, ನಡುವಿನದು ಒಂದು ಕೂದಲೆಳೆ ಮೇಲೆ. ಯಾಕೆ ಮಾವ ಎಂದು ಚಿಕ್ಕವಳಿದ್ದಾಗ ಅವಳು ಕೇಳಿದ್ದಳು. ಚಿತ್ರ ಬರೆಯೋರು ಸಹಿ ಹಾಕಲ್ವಾ, ಅವರು ಎದುರಿಗೆ ಹಾಕ್ತಾರೆ, ನಾನು ಬೆನ್ನಿಗೆ ಹಾಕ್ತೀನಿ ಅಂದಿದ್ದ. ಅವಳ ಮೂರು ಗಾಲಿಯ ಸೈಕಲ್ಲಿನ ಸೀಟಿನಡಿ ಆ ಚುಕ್ಕಿಗಳಿದ್ದವು. ಅಮ್ಮನ ಟ್ರಂಕಿನ ಒಳಮೈಯಲ್ಲಿದ್ದವು. ಈಗ ಅವಳ ಮಗಳು ಕೂತು ಊಟ ಮಾಡುವ ಎತ್ತರದ ಕುರ್ಚಿಯ ಕಾಲಿನಲ್ಲೂ ಇದ್ದವು.

ಅವಳಿಗೆ ಹೆದರಿಕೆ ಜಾಸ್ತಿ. ಮಗಳು ನಿದ್ದೆ ಮಾಡುತ್ತಿದ್ದರೆ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವವಳು. ಹಾಲು ಬಿಸಿಯೇ ಎಂದು ಮೊದಲು ಮಣಿಕಟ್ಟಿನ ಮೇಲೆ, ಆಮೇಲೆ ತುಟಿಯ ಮೇಲೆ, ಆಮೇಲೂ ಅನುಮಾನ ಬಂದರೆ ಗಂಡನ ಕೈ ಮೇಲೆ ಸುರಿದು ನೋಡುವವಳು. ಅಂಥವಳಿಗೆ ಗಂಟುಬಿದ್ದದ್ದು ಗಂಡನ ಆ ನೀಲಿ ಕಾರು.

ಕುಳ್ಳಗೆ, ಎರಡೇ ಬಾಗಿಲಿನ ಕಾರು. ಆದರೆ ಒಳಗಿನ ಎಂಜಿನ್ ಅದರ ಎರಡು ಪಟ್ಟು ಗಾತ್ರದ ಗಾಡಿಗಳ ಹೊಟ್ಟೆ ಉರಿಸುವಂಥದ್ದು. ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುವ ಪೆಟ್ಟಿಗೆಗಳ ಜೊತೆ ಏಗುವವನಿಗೆ ಒಂದಾದರೂ ಓಡುವಂಥದ್ದು ಬೇಕಿತ್ತು. ಮದುವೆಗೆ ಮುಂಚೆ, ಒಬ್ಬರು ಓಡಿಸಿ ಬಿಟ್ಟಿದ್ದನ್ನು ಕೊಂಡಿದ್ದ. ಅದನ್ನು ತೊಳೆಯುವವನೂ ಅವನೇ, ಒರೆಸುವವನೂ ಅವನೇ. ಸುತ್ತಿಗೆ ಮಾವ ಬಂದಾಗಲೆಲ್ಲ ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಸುತ್ತು ಹಾಕಿ, ನಿನ್ನ ಗಂಡ ನನಗೆ ಇದರ ನೆರಳನ್ನೂ ಮುಟ್ಟೋಕೆ ಬಿಡಲ್ಲ ಎಂದು ಕಿಚಾಯಿಸುತ್ತಿದ್ದ.

ಅವಳು ಓಡಿಸಿದರೆ ಹಿಂದಿನಿಂದ ಸೈಕಲ್ಲಿನವರು ಬೆಲ್ಲು ಹೊಡೆಯುತ್ತಿದ್ದರು. ಎರಡೂವರೆ ವರ್ಷದ ಮಗಳನ್ನು ಹಿಂದಿನ ಸೀಟಿಗೆ ಕೂರಿಸಬೇಕಾದರೆ ಮುಂದಿನ ಸೀಟು ಮಡಚಿ, ತಾನೂ ಮಡಚಿಕೊಂಡು ಒಳಗೆ ತೂರಬೇಕು. ಈಗ ಹೊಟ್ಟೆಯಲ್ಲಿ ಇನ್ನೊಂದಕ್ಕೆ ಐದು ತಿಂಗಳು. ಇನ್ನು ಮಡಚಿಕೊಳ್ಳಲು ಅವಳಿಂದ ಆಗದು. ನಾಲ್ಕು ಬಾಗಿಲಿನ ಸಾದಾ ಕಾರು ತರೋಣ ಎಂದು ಬೇಸಿಗೆಯಿಂದ ಕೊರೆದು ಕೊರೆದು ಒಪ್ಪಿಸಿದ್ದಳು. ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು ಗಂಡ ಹೂಂ ಅಂದಿದ್ದ. ಕೊಳ್ಳಲು ಮುಂದೆ ಬಂದದ್ದೂ ಒಬ್ಬ ಹಲ್ಲಿನ ಡಾಕ್ಟರಮ್ಮ. ಒಮ್ಮೆ ಓಡಿಸಿ ನೋಡಿ ಮನಸೋತು, ಶನಿವಾರ ಹನ್ನೊಂದಕ್ಕೆ ಬಂದು ತಗೊಂಡು ಹೋಗ್ತೀನಿ ಎಂದಿದ್ದಳು.

ಆ ಶನಿವಾರ ಬೆಳಗ್ಗೆ ಗಂಡನಿಗೆ ಆಸ್ಪತ್ರೆಯೊಂದರ ಲಿಫ್ಟು ನಿಂತಿದೆ ಎಂದು ಕರೆ ಬಂತು. ಹೊರಡುವಾಗ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಡಿಕ್ಕಿಯ ಮುಚ್ಚಳದ ಮೇಲೆ ಬಟಾಣಿಯಷ್ಟು ತಗ್ಗಿತ್ತು. ಅದನ್ನು ಎತ್ತಿಕೊಡಲು ಸುತ್ತಿಗೆ ಮಾವ ಬಂದ. ಅಳಿಯ ಇಲ್ಲದ ಹೊತ್ತು ನೋಡಿ ಕೊನೆಗೂ ಮುಟ್ಟಿದೆ ನೋಡು ಎಂದು ನಕ್ಕ. ಹತ್ತು ನಿಮಿಷದ ಕೆಲಸ. ಮುಗಿಸಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ಕುದುರೆಯಾದ.

ಒಳಗೆ ಹುಳಿ ವಾಸನೆ ಇನ್ನೂ ಹೋಗಿರಲಿಲ್ಲ. ಮಗಳು ಎಂದೋ ಚೆಲ್ಲಿದ ಹಾಲು. ಡಾಕ್ಟರಮ್ಮನ ಮೂಗಿಗೆ ಬಿದ್ದರೆ ಏನು ಗತಿ ಎಂದು ಅವಳು ಡ್ರೈವರ್ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ, ಅದರ ಹಿಂದೆ ಹಾಸಿದ್ದ ಕಾರ್ಪೆಟ್ಟಿನ ಅಂಚು ಕಿತ್ತಳು. ಕೆಳಗಿನ ತಗಡು ಒರೆಸುತ್ತಿದ್ದಾಗ ಬೆರಳಿಗೆ ಏನೋ ತಾಕಿತು. ಬಗ್ಗಿ ನೋಡಿದಳು.

ಮೂರು ಚುಕ್ಕಿ. ನಡುವಿನದು ಕೂದಲೆಳೆ ಮೇಲೆ.

ಅವಳಿಗೆ ಖುಷಿಯೇ ಆಯಿತು. ಎಲ್ಲಿ ಹೋದರೂ ತವರಿನ ಗುರುತು ಬೆನ್ನು ಬಿಡಲ್ಲ ನೋಡು ಅಂದುಕೊಂಡು, "ಮಾವಾ, ನಮ್ಮ ಕಾರಿಗೂ ನೀವೇ ಕೈಯಿಟ್ಟಿದ್ದೀರಲ್ಲ, ಹೇಳೇ ಇಲ್ಲ!" ಎಂದು ಕೂಗಿದಳು.

ಅವನು ನಗುತ್ತಲೇ ಬಂದ. ಮಗುವನ್ನು ಇಳಿಸಿ ಒಳಗೆ ಬಗ್ಗಿದ. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಹೆಬ್ಬೆರಳಿನ ಉಗುರಿನಿಂದ ಚುಕ್ಕಿಗಳ ಪಕ್ಕದ ಬಣ್ಣ ಕೆರೆದ. ನೀಲಿ ಎದ್ದು ಬಿಳಿ ಕಂಡಿತು. ಆಮೇಲೆ ಕಾರಿನ ಬಾಗಿಲಡಿಯ ಹೊಸ್ತಿಲ ಅಂಚನ್ನು ಬಡಿದ, ಬಲಗಿವಿ ಒತ್ತಿ ಕೇಳಿದ. ಬಾಗಿಲ ಪಕ್ಕದಲ್ಲಿ ಛಾವಣಿ ಹೊತ್ತ ಕಂಬ ಬಡಿದ. ಎದ್ದು ಛಾವಣಿ ಬಡಿದ. ಆ ಕಡೆ ಹೋಗಿ ಮತ್ತೆ ಹೊಸ್ತಿಲು. ಮರಳಿ ಬಂದಾಗ ಮುಖ ಸುಣ್ಣ ಬಳಿದ ಗೋಡೆಯಂತಿತ್ತು.

"ಮಗೂನ ಇದರಲ್ಲಿ ಕೂರಿಸ್ತಿದ್ಯಾ?"

"ಇನ್ನೇನು ಮಾವ. ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದದ್ದೇ ಇದರಲ್ಲಿ. ಯಾಕೆ?"

"ಇದು ಒಂದು ಕಾರಲ್ಲ ಕಣಮ್ಮ. ಎರಡು."

ಅವಳಿಗೆ ಅರ್ಥವಾಗಲಿಲ್ಲ. ಅವನು ನೆಲ ನೋಡಿಕೊಂಡು ಹೇಳಿದ. ಒಂಬತ್ತು ವರ್ಷದ ಹಿಂದೆ ಒಬ್ಬ ಹಳೇ ಕಾರಿನ ವ್ಯಾಪಾರಿ ಒಂದೇ ಮಾದರಿಯ ಎರಡು ಬಿಳಿ ಕಾರು ತಂದಿದ್ದನಂತೆ. ಒಂದರ ಮುಂಭಾಗ ಚೂರುಚೂರು, ಇನ್ನೊಂದರ ಹಿಂಭಾಗ. ಚೆನ್ನಾಗಿರೋ ಅರ್ಧ, ಚೆನ್ನಾಗಿರೋ ಅರ್ಧ ಸೇರಿಸಿಕೊಡು, ಅಂಗಡಿ ಮುಂದೆ ಕಟ್ಟೆ ಮೇಲೆ ನೋಡೋಕೆ ಮಾತ್ರ ಇಡ್ತೀನಿ ಎಂದನಂತೆ. ಇವನು ಒಂದೂವರೆ ತಿಂಗಳು ಕೂತು ಬೆಸೆದ. ಜೀವಮಾನದಲ್ಲಿ ಅಷ್ಟು ನಯವಾದ ಕೆಲಸ ಮಾಡಿರಲಿಲ್ಲ. ಹೆಮ್ಮೆಯಿಂದ ಚುಕ್ಕಿ ಹಾಕಿದ. ಆಮೇಲೆ ಒಮ್ಮೆ ನೋಡಲು ಹೋದಾಗ ಕಟ್ಟೆ ಖಾಲಿಯಿತ್ತು. ಪ್ರದರ್ಶನಕ್ಕೆ ಹೋಗಿದೆ ಅಂದರು. ನಂಬಿದ.

"ನಂಬಿದ್ರಾ?" ಎಂದಳು ಅವಳು.

"ನಂಬಿದರೆ ಸುಖ ಇತ್ತು. ನಂಬಿದೆ."

ನಿಂತಲ್ಲೇ ನಿಂತಿದ್ದರೆ ನೂರು ವರ್ಷ ಬಾಳುತ್ತದೆ, ಜೋರಾಗಿ ಗುದ್ದಿದರೆ ಹೊಲಿಗೆ ಬಿಟ್ಟ ಅಂಗಿಯ ಹಾಗೆ ಎರಡಾಗುತ್ತದೆ ಎಂದ. ಹೊಲಿಗೆ ಎಲ್ಲಿ ಎಂದು ಅವಳು ಕೇಳಲಿಲ್ಲ. ಚುಕ್ಕಿ ಇದ್ದ ಕಡೆಯೇ ಮಗಳು ಕಾಲು ಚಾಚುತ್ತಿದ್ದಳು.

ಮಗಳ ಸೀಟಿನ ಬೆಲ್ಟನ್ನು ಮೂರು ಮೂರು ಸಲ ಎಳೆದು ನೋಡಿದ್ದು, ಹಿಂದೆ ಸೈಕಲ್ಲಿನವರು ಬೈದದ್ದು, ಗಂಡ ಹೆದ್ದಾರಿಯಲ್ಲಿ ಇವಳ ಕಿರುಚಾಟಕ್ಕೆ ನಕ್ಕದ್ದು, ಎಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂತು. ಹಾಲಿನ ಬಿಸಿ ನೋಡುತ್ತ ಕೂತಿದ್ದಳು ಮೂರ್ಖಳು. ಗಂಡನಿಗೆ ಫೋನು ಮಾಡಿದಳು. ಬರ್ತೀನಿ ಎಂದಷ್ಟೇ ಹೇಳಿ ಇಟ್ಟ.

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಆಗ ಅವಳ ಬಾಯಿಂದ ಒಂದು ಮಾತು ಬಂತು. ಆಮೇಲೆ ಎಷ್ಟು ದಿನ ನೆನೆಸಿಕೊಂಡರೂ, ಆ ಮಾತು ತನ್ನದೇ ಎಂದು ಅವಳಿಗೆ ನಂಬಲಾಗಲಿಲ್ಲ.

"ಹೇಳೋದು ಬೇಡ ಮಾವ. ನಮಗೂ ಗೊತ್ತಿರಲಿಲ್ಲ ತಾನೇ. ಕಾರ್ಪೆಟ್ ಹಾಕಿಬಿಡ್ತೀನಿ."

ಅವನು ಬೇಡ ಎನ್ನಲಿಲ್ಲ. ಮಾತಾಡಿದರೆ ನಲವತ್ತು ವರ್ಷದ ಹೆಸರು ಮಣ್ಣುಪಾಲು, ಅದು ಅವನಿಗೂ ಗೊತ್ತಿತ್ತು. ಅವಳು ಕಾರ್ಪೆಟ್ ಒತ್ತಿ ಕೂರಿಸಿ ಎದ್ದಳು.

ಡಾಕ್ಟರಮ್ಮ ಆಟೋದಿಂದ ಇಳಿದಳು. ನಗುಮುಖ. ಕಂಕುಳಲ್ಲಿ ಒಂದು ಮಗುವಿನ ಸೀಟು, ಬೆಲ್ಟುಗಳು ಜೋತಾಡುತ್ತಿದ್ದವು. ಹೇಗೂ ಇದರಲ್ಲೇ ಹೋಗ್ತೀನಲ್ಲ, ಮನೆಗೆ ಹೋಗುವ ದಾರಿಯಲ್ಲೇ ಶಿಶುವಿಹಾರದಿಂದ ಮಗಳನ್ನ ಕರ್ಕೊಂಡು ಹೋಗೋಣ ಅಂತ ತಂದೆ ಎನ್ನುತ್ತ, ಮುಂದಿನ ಸೀಟು ಮಡಚಿ ಒಳಗೆ ತೂರಿ, ಡ್ರೈವರ್ ಹಿಂದಿನ ಜಾಗದಲ್ಲಿಟ್ಟು ಟಕ್ಕೆಂದು ಬಿಗಿದಳು. ಸರಿಯಾಗಿ ಕೂತಿದೆಯೇ ಎಂದು ಎಳೆದು ನೋಡಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲವೂ.

ಆ ಮೂರನೆಯ ಸಲಕ್ಕೆ ಇವಳು ಕಾರಿನತ್ತ ಒಂದು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಸುತ್ತಿಗೆ ಮಾವ ಜೇಬಿನಿಂದ ಸೀಮೆಸುಣ್ಣ ತೆಗೆದಿದ್ದ. ಎಡ ಹೊಸ್ತಿಲಿನಿಂದ ಶುರುಮಾಡಿ ಕಂಬದ ಮೇಲೆ, ಛಾವಣಿಯ ಮೇಲೆ, ಆ ಕಡೆಯ ಕಂಬದಗುಂಟ ನೆಲದವರೆಗೆ ಒಂದೇ ಬಿಳಿ ಗೆರೆ ಎಳೆದ. ಎಲ್ಲೂ ಕೈ ತಡೆಯಲಿಲ್ಲ. ಒಂಬತ್ತು ವರ್ಷದ ಹಿಂದಿನ ಬೆಸುಗೆ ಅಂಗೈ ಗೆರೆಯಷ್ಟು ಬಾಯಿಪಾಠ.

"ಇಲ್ಲಿ ಎರಡು ಕಾರನ್ನ ಸೇರಿಸಿದೆ ತಾಯಿ. ಸೇರಿಸಿದವನು ನಾನು. ಮಗೂನ ಕೂರಿಸಬೇಡಿ."

ಡಾಕ್ಟರಮ್ಮ ಗೆರೆ ನೋಡಿದಳು, ಅವನನ್ನು ನೋಡಿದಳು. ಮೆಲ್ಲಗೆ ಸೀಟು ಬಿಚ್ಚಿಕೊಂಡಳು. ಕೊಂಡಿ ಎರಡು ಸಲ ಜಾರಿತು. ಮೆಟ್ಟಿಲ ಮೇಲೆ ಕೂತು ಆ ಖಾಲಿ ಸೀಟನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಳದಲ್ಲಿದ್ದ ಮಗುವಿನ ಕಡೆ ನೋಡಿ, ಇವಳೂ ಇದರಲ್ಲೇ ಓಡಾಡ್ತಿದ್ಲಾ ಎಂದು ಕೇಳಿದಳು. ಮಗುವಿನ ತಾಯಿ ಹೌದೆಂದು ತಲೆಯಾಡಿಸಿದಳು. ಅವಳು ನೀರು ತಂದುಕೊಟ್ಟಳು, ಡಾಕ್ಟರಮ್ಮ ಕುಡಿದು, ಸೀಟು ಎತ್ತಿಕೊಂಡು ಹೊರಟಳು.

ಗಂಡ ಬಂದಾಗ ಕಾರಿನ ನಡುವಿನ ಬಿಳಿ ಗೆರೆ ಬಿಸಿಲಿಗೆ ಹೊಳೆಯುತ್ತಿತ್ತು. ತಿಂಗಳಿಗೊಮ್ಮೆ ಲಿಫ್ಟಿನ ಹಗ್ಗ ಪರೀಕ್ಷಿಸಿ ಜನ ಹತ್ತಬಹುದು ಎಂದು ಸಹಿ ಹಾಕುವವನು ಅವನು. ಗೆರೆಯ ಮೇಲೆ ಬೆರಳಾಡಿಸಿ ಅಲ್ಲೇ ಕುಕ್ಕರಿಸಿದ. ಮಾವನ ಮೇಲೆ ಎಗರಿಬೀಳುತ್ತಾನೆ ಎಂದು ಅವಳು ಹೆದರಿದ್ದಳು. ಅವನು ಮಗಳನ್ನು ಎಳೆದು ಅಪ್ಪಿಕೊಂಡು, ಅವಳು ಬಿಡಿಸಿಕೊಳ್ಳಲು ಒದ್ದಾಡಿದರೂ ಬಿಡಲಿಲ್ಲ.

ಮರುದಿನ ಸುತ್ತಿಗೆ ಮಾವನೇ ಕಟರ್ ತಂದ. ಇದನ್ನ ಹೀಗೇ ಬಿಟ್ಟರೆ ಇನ್ಯಾರೋ ಬಣ್ಣ ಹೊಡೆದು ಇನ್ಯಾರಿಗೋ ಮಾರ್ತಾರೆ ಎಂದು, ತಾನೇ ಎಳೆದ ಗೆರೆಯ ಮೇಲೆ ಕೊಯ್ದ. ಒಂದೂವರೆ ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಎರಡಾಗಿ ಬಿತ್ತು. ಗಂಡ ಒಳಗೆ ಕಿಟಕಿ ಮುಚ್ಚಿಕೊಂಡು ಕೂತಿದ್ದ.

ಕಿಡಿ ಆರಿದ ಮೇಲೆ ಅವಳು ಚಹಾ ತಂದುಕೊಟ್ಟು, ರಾತ್ರಿಯಿಂದ ಎದೆಯಲ್ಲಿ ಕುಟುಕುತ್ತಿದ್ದದ್ದನ್ನು ಕೇಳಿಯೇಬಿಟ್ಟಳು.

"ಇದೊಂದೇನಾ ಮಾವ?"

ಅವನು ಲೋಟ ಕೆಳಗಿಟ್ಟ. ಎಡಗಿವಿಯ ಕಡೆ ನಿಂತಿದ್ದಳೇನೋ, ಕೇಳಿಸಲಿಲ್ಲವೇನೋ ಅಂದುಕೊಂಡಳು. ಆಮೇಲೆ ಅವನು ಮಸಿ ಹತ್ತಿದ ಒಂದು ಬೆರಳು ಎತ್ತಿದ.

"ಇನ್ನೊಂದಿದೆ. ಅದೇ ವ್ಯಾಪಾರಿಗೆ ಬೆಸೆದುಕೊಟ್ಟದ್ದು, ಇದೇ ಮಾದರಿ. ಆಗ ಹಳದಿ ಇತ್ತು. ಈಗ ಯಾವ ಬಣ್ಣವೋ."

ಆ ವ್ಯಾಪಾರಿ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹಾಗಾಗಿ ಈಗ ಸುತ್ತಿಗೆ ಮಾವ ಗ್ಯಾರೇಜಿಗೆ ಹೋಗುವುದಿಲ್ಲ. ಅಂಗಡಿ, ಆಸ್ಪತ್ರೆ, ಶಾಲೆ, ಎಲ್ಲೆಲ್ಲಿ ಕಾರು ನಿಲ್ಲುತ್ತವೋ ಅಲ್ಲೆಲ್ಲ ಅಲೆಯುತ್ತಾನೆ. ಆ ಮಾದರಿಯ ಕುಳ್ಳ ಕಾರು ಕಂಡರೆ ಬಗ್ಗಿ ಹೊಸ್ತಿಲು ಬಡಿದು ಕಿವಿ ಒತ್ತುತ್ತಾನೆ. ಕಳ್ಳನೆಂದು ಎರಡು ಸಲ ಕಾವಲುಗಾರರು ಕುತ್ತಿಗೆ ಹಿಡಿದು ತಳ್ಳಿದ್ದಾರೆ. ಭಾನುವಾರಗಳಲ್ಲಿ ಅವಳೂ ಹೋಗುತ್ತಾಳೆ, ಹೊಟ್ಟೆ ಹೊತ್ತು, ಮಗಳ ಕೈ ಹಿಡಿದು. ಹೆಂಗಸೊಬ್ಬಳು ಜೊತೆಗಿದ್ದರೆ ಕಾರಿನವರು ಮಾತು ಕೇಳುತ್ತಾರೆ.

ಕ್ಷಮಿಸಿ, ಸೀಟಿನ ಹಿಂದಿನ ಕಾರ್ಪೆಟ್ ಸ್ವಲ್ಪ ಎತ್ತಿ ನೋಡಬಹುದಾ ಎಂದು ಕೇಳುವುದು ಅವಳೇ. ಇಲ್ಲಿಯವರೆಗೆ ಹದಿನೇಳು ಕಾರಾಯಿತು. ಪ್ರತಿ ಸಲವೂ ತಗಡಿನ ಮೇಲೆ ಅವಳ ಬೆರಳು ಮೊದಲು ಹೋಗುತ್ತದೆ. ನುಣ್ಣಗಿದ್ದರೆ ಅವಳು ಉಸಿರು ಬಿಡುತ್ತಾಳೆ, ಮಾವನ ಮುಖ ಇನ್ನಷ್ಟು ಇಳಿಯುತ್ತದೆ.