ನನ್ನ ಲ್ಯಾಪ್‌ಟಾಪಿನ ಎರಡನೇ ಸ್ಲಾಟ್

"ಇದಕ್ಕೆ ಮೆಮೊರಿ ಜಾಸ್ತಿ ಹಾಕೂಕೆ ಜಾಗವೇ ಇಲ್ಲ ಅಕ್ಕ, ಹೊಸದು ತಗಣಿ," ಅಂದ ಇವತ್ತು ಭಟ್ಕಳದ ರಿಪೇರಿ ಅಂಗಡಿಯವನು. ನನ್ನ ಹನ್ನೊಂದು ವರ್ಷದ ಲ್ಯಾಪ್‌ಟಾಪನ್ನು ಬಿಚ್ಚಿಯೂ ನೋಡಿರಲಿಲ್ಲ, ಗೆಳೆಯರೇ.

ನಾನು ಬಿಡುವವಳಲ್ಲ. ಬಂದರಿನ ಹೆಂಗಸರನ್ನು ಕೇಳಿ ಕೇಳಿ, ಮೀನುಗಳ ಹೆಸರನ್ನು ಕನ್ನಡ, ಕೊಂಕಣಿ, ನವಾಯತಿಯಲ್ಲಿ ಫೋಟೋ ಸಮೇತ ಅದರಲ್ಲೇ ಒಂದು ಫೈಲಿಗೆ ಸೇರಿಸುತ್ತಿದ್ದೇನೆ. ಈಚೆಗೆ ಆ ಫೈಲು ತೆರೆದರೆ ಯಂತ್ರವೇ ನಿಂತುಬಿಡುತ್ತಿತ್ತು.

"ಇದ್ರ ಅಡಿಗೆ ಮೆಮೊರಿ ಹಾಕೂಕೆ ಇನ್ನೊಂದು ಸ್ಲಾಟ್ ಅದೆ. ನೆಟ್ಟಲ್ಲಿ ಮಾಡೆಲ್ ನಂಬರ್ ಹಾಕಿ ನೋಡಿದ್ದೆ," ಅಂದೆ.

"ನಾ ಹತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತೆ."

"ಹಂಗಾರೆ ಸ್ಕ್ರೂಡ್ರೈವರ್ ಕೊಡಿ. ನಾನೇ ಬಿಚ್ತೆ."

ಕೊಟ್ಟ. ಹಿಂದಿನ ಮುಚ್ಚಳ ತೆಗೆದರೆ, ಧೂಳಿನ ನಡುವೆ ಖಾಲಿ ಸ್ಲಾಟ್ ಕಾಣಿಸಿತು. ಅವನು ಡ್ರಾಯರಿನಿಂದ ನಾಲ್ಕು ಜಿಬಿಯ ಹಳೆಯ ಮೆಮೊರಿ ಪಟ್ಟಿಯೊಂದನ್ನು ತೆಗೆದು ಕೂರಿಸಿದ. ಇದ್ದ ನಾಲ್ಕರ ಜೊತೆ ಸೇರಿ ಎಂಟಾಯಿತು. ಫೈಲು ಒಂದೇ ಸಲಕ್ಕೆ ತೆರೆದುಕೊಂಡಿತು. ನನಗೆ ಕಣ್ಣು ತುಂಬಿಬಂತು.

ನಾನು ಹೊರಡುವಾಗ ಪಕ್ಕದೂರು ಶಿರಾಲಿಯವರೊಬ್ಬರು ಅಂಥದ್ದೇ ಹಳೆಯ ಲ್ಯಾಪ್‌ಟಾಪ್ ಹಿಡಿದು ಬಂದರು. ಅಂಗಡಿಯವನು ಅವರಿಗೆ ಹೇಳುತ್ತಿದ್ದ: "ಇದ್ರ ಅಡಿಗೆ ಇನ್ನೊಂದು ಸ್ಲಾಟ್ ಇರ್ತದೆ. ಭಾಳ ಜನಕ್ಕೆ ಗೊತ್ತಿಲ್ಲ."