ಹತ್ತು ದಿನ ಸಾಕಿದ ನಾಯಿ

ಬೀದಿನಾಯಿಗಳಿಗೂ ನನಗೂ ಯಾವ ಜನ್ಮದ ನಂಟೋ ಗೊತ್ತಿಲ್ಲ. ಗುರುತಿಲ್ಲದ ಊರಿನಲ್ಲಿ ಬಸ್ಸಿಳಿದರೂ ಸ್ವಲ್ಪ ಹೊತ್ತಿನಲ್ಲಿ ಒಂದಾದರೂ ನಾಯಿ ನನ್ನ ಬೆನ್ನು ಹತ್ತಿರುತ್ತದೆ. ಮದುವೆಮನೆಗೆ ಹೋದರೆ ನನ್ನನ್ನು ಎಂಜಲೆಲೆ ಬಿಸಾಡುವ ಜಾಗದಲ್ಲೇ ಹುಡುಕಬೇಕು ಎಂದು ನನ್ನ ಯಜಮಾನರು ತಮಾಷೆ ಮಾಡುತ್ತಾರೆ. ಮಾಡಲಿ. ಆದರೆ ಇಷ್ಟು ವರ್ಷದಲ್ಲಿ ಒಂದು ನಾಯಿಯನ್ನೂ ನಾನು ಕಟ್ಟಿ ಸಾಕಿಲ್ಲ. ನಮ್ಮ ಮನೆಯಲ್ಲಿ ಒಂದು ನಾಯಿಯನ್ನು ಕಟ್ಟಿ ಸಾಕಿದ್ದು ಒಂದೇ ಸಲ, ಅದೂ ನನ್ನ ಸಲುವಾಗಿ.

ಎಪ್ಪತ್ತರ ದಶಕದ ಮಾತು. ಅಪ್ಪ ಚಿಕ್ಕಜಾಜೂರಿನಲ್ಲಿ ರೈಲ್ವೆ ಗ್ಯಾಂಗ್‌ಮನ್. ಸ್ಟೇಷನ್ನಿನ ಹಿಂದಿನ ಸಾಲು ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಜಂಕ್ಷನ್ ಆದ್ದರಿಂದ ಗಾಡಿ ಬದಲಿಸುವವರು ಪ್ಲಾಟ್‌ಫಾರಂ ಮೇಲೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಅವರು ಎಸೆದ ರೊಟ್ಟಿ ಚೂರಿಗೆ ಕಾದಿರುತ್ತಿದ್ದ ನಾಯಿಗಳಲ್ಲಿ ಒಂದು ಕಂದು ನಾಯಿ ಇತ್ತು. ಹೆಸರಿಲ್ಲ, ದಿಕ್ಕಿಲ್ಲ. ಹಚಾ ಅಂದರೆ ಹೋಗುತ್ತಿತ್ತು, ಹೋದ ಹಾಗೇ ತಿರುಗಿ ಬರುತ್ತಿತ್ತು. ನಾನಾಗ ಎರಡನೇ ಕ್ಲಾಸು. ಒಂದು ದಿನ ಶಾಲೆಯಿಂದ ಬರುವಾಗ ಅದು ಕುಂಟುತ್ತಿತ್ತು. ನೋಡಿದರೆ ಪಾದದಲ್ಲಿ ನೆಗ್ಗಿಲು ಮುಳ್ಳು. ಕೂತು ಕಿತ್ತೆ. ಮುಳ್ಳು ಬಂತು, ಜೊತೆಗೆ ನೋವಿಗೆ ಅದು ನನ್ನ ಮುಂಗೈ ಕಚ್ಚಿತು. ತಪ್ಪು ಅದರದ್ದಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಹೇಳಿದರೆ ಕೇಳುವವರು ಯಾರು?

ರಕ್ತ ನೋಡಿದ್ದೇ ಅವ್ವ ಬಾಯಿ ಬಾಯಿ ಬಡಿದುಕೊಂಡಳು. ಸಾಲುಮನೆಯ ಗಂಡಸರು ದೊಣ್ಣೆ ಹಿಡಿದು ನಾಯಿಯನ್ನು ಗೋಡೆಯ ಮೂಲೆಗೆ ಒತ್ತರಿಸಿದರು. ಪಕ್ಕದ ಮನೆಯಾಕೆ ನನ್ನ ಗಾಯಕ್ಕೆ ಖಾರದಪುಡಿ ಮೆತ್ತಿದಳು. ಕಚ್ಚಿದ್ದಕ್ಕಿಂತ ಅದೇ ಹೆಚ್ಚು ಉರಿಯಿತು. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಅಪ್ಪ ದೊಣ್ಣೆಗಳಿಗೆ ಅಡ್ಡ ನಿಂತು ಕೂಗಿದ.

"ಯಾರೂ ಮುಟ್ಟಬ್ಯಾಡ್ರಿ! ಅದಕ್ಕೆ ಹುಚ್ಚು ಐತೋ ಇಲ್ಲೋ ಗೊತ್ತಾಗಬೇಕಂದ್ರೆ ಅದು ಬದುಕಿರಬೇಕು."

ಹೊಳಲ್ಕೆರೆ ಆಸ್ಪತ್ರೆಯ ಡಾಕ್ಟರೂ ಅದನ್ನೇ ಹೇಳಿದರು. "ಕಟ್ಟಿಹಾಕಿ ಹತ್ತು ದಿನ ನೋಡ್ರಿ. ನಾಯಿ ನೆಟ್ಟಗಿದ್ರೆ ಹುಡುಗಿಗೇನೂ ಆಗಲ್ಲ. ಸತ್ರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು."

ನಮ್ಮ ಹಿತ್ತಲಿನ ಬೇವಿನ ಮರಕ್ಕೆ ನಾಯಿಯನ್ನು ಕಟ್ಟಿದರು. ಅಲ್ಲಿಂದ ಅದರ ವೈಭವ ನೋಡಬೇಕಿತ್ತು! ನಾಯಿ ಕಂಡರೆ ಪೊರಕೆ ಎತ್ತುತ್ತಿದ್ದ ಅವ್ವ ಬೆಳಿಗ್ಗೆ ಎದ್ದವಳೇ ಮುಖ ಕೂಡ ತೊಳೆಯದೆ ಹಿತ್ತಲಿಗೆ ಓಡುತ್ತಿದ್ದಳು. ಅದು ಕಣ್ಣು ಬಿಟ್ಟು ಬಾಲ ಆಡಿಸಿದರೆ ಅವಳಿಗೆ ಹೋದ ಜೀವ ಬಂದಂತೆ. ನಮಗೆ ಮಜ್ಜಿಗೆ, ಅದಕ್ಕೆ ಹಾಲು. "ಉಣ್ಣಪ್ಪ, ಇನ್ನೊಂದು ತುತ್ತು, ನನ್ನಪ್ಪ ಅಲ್ವಾ" ಎಂದು ಅವಳು ಮುದ್ದೆ ಮುರಿದು ಬಾಯಿಗಿಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನು ಆಕೆ ಯಾವತ್ತೂ ಹಾಗೆ ರಮಿಸಿದವಳಲ್ಲ.

ನಡುವೆ ಒಂದು ದಿನ ನಾಯಿ ಏನೂ ಮುಟ್ಟಲಿಲ್ಲ. ನೀರಿಟ್ಟರೆ ಮುಖ ತಿರುಗಿಸಿತು. ಹುಚ್ಚು ಹಿಡಿದ ನಾಯಿ ನೀರಿಗೆ ಹೆದರುತ್ತದೆ ಎಂದು ಎಲ್ಲರಿಗೂ ಗೊತ್ತು. ಅವ್ವ ತಟ್ಟೆಯ ಮುಂದೆ ಕುಸಿದು ಕೂತಳು. ಅಪ್ಪ ನನ್ನನ್ನು ಇಂಜೆಕ್ಷನ್ನಿಗೆ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ಅಂಗಿ ಹಾಕಿಕೊಂಡ. ಆಗ ಪಕ್ಕದ ಮನೆಯಾಕೆ ತಡೆದು ತಡೆದು ಬಾಯಿಬಿಟ್ಟಳು. "ಅಕ್ಕಾ, ಈಗಿನ್ನೂ ನಾನು ಒಂದು ಚೆಂಬು ಮಜ್ಜಿಗೆ ಕುಡಿಸೀನಿ." ಅವಳ ಬೆನ್ನಿಗೇ ಆಚೆ ಮನೆಯಾಕೆ ಅನ್ನ ಹಾಕಿದ್ದು, ಕೊನೆಮನೆಯ ಅಜ್ಜಿ ರೊಟ್ಟಿ ಹಾಕಿದ್ದು ಎಲ್ಲ ಹೊರಬಿತ್ತು. ಹುಡುಗಿ ಉಳಿಯಲಿ ಎಂದು ಸಾಲುಮನೆಯವರೆಲ್ಲ ಒಬ್ಬರಿಗೊಬ್ಬರು ಹೇಳದೆ ನಾಯಿಗೆ ಉಣ್ಣಿಸುತ್ತಿದ್ದರು. ಅದರ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಅವ್ವ ನಗಲು ಹೋಗಿ ಅತ್ತಳು.

ನಾನು ಶಾಲೆ ಬಿಟ್ಟು ಬಂದರೆ ಬೇವಿನ ಮರದ ಕೆಳಗೇ. ಅಪ್ಪ ದೂರ ಕೂರು ಅನ್ನುತ್ತಿದ್ದ. ಅವನು ಅತ್ತ ಹೋದ ಕೂಡಲೇ ನಾಯಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ಕಚ್ಚಿದ ಜಾಗವನ್ನು ಮೂಸಿ ನೋಡುತ್ತಿತ್ತು. ಅದರ ಪಕ್ಕೆಲುಬು ಮುಚ್ಚಿ ಮೈ ತುಂಬಿಕೊಂಡಿತ್ತು. ಮೊದಲು ಯಾರು ಕೈಯೆತ್ತಿದರೂ ಓಡುತ್ತಿದ್ದ ಪ್ರಾಣಿ ಈಗ ಹೆಜ್ಜೆ ಸಪ್ಪಳಕ್ಕೇ ಎದ್ದು ಕುಣಿಯುತ್ತಿತ್ತು. ಬರುವವರೆಲ್ಲ ತುತ್ತು ಹಿಡಿದೇ ಬರುತ್ತಾರೆಂದು ಅದು ನಂಬಿಬಿಟ್ಟಿತ್ತು. ಇನ್ನು ಇದು ನಮ್ಮದೇ ನಾಯಿ ಎಂದು ನಾನೂ ನಂಬಿದ್ದೆ.

ಹತ್ತು ದಿನ ಕಳೆಯಿತು. ನಾಯಿ ಗುಂಡುಕಲ್ಲಿನಂತಿತ್ತು. ಮಾರನೆಯ ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ರಾಮಗಿರಿಗೆ ಹೋಗಿ ಬೆಟ್ಟದ ದೇವರಿಗೆ ಕಾಯಿ ಒಡೆಸಿದಳು. ಇಳಿಯುವಾಗ ಮೆಟ್ಟಿಲ ಮೇಲೆ ಕೂತು ಬಾಯಿ ತುಂಬ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದವಳೇ ಕಾಯಿಯ ಒಂದು ಹೋಳು ಹಿಡಿದು ಹಿತ್ತಲಿಗೆ ಹೋದಳು. ಮರದ ಕೆಳಗೆ ಏನೂ ಇರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತಿದ್ದ.

"ನಾಯಿ ಎಲ್ರಿ?"

"ಅವತ್ತು ದೊಣ್ಣೆ ತಂದಿದ್ರಲ್ಲ, ಅವರೇ ಇವತ್ತೂ ದೊಣ್ಣೆ ಹಿಡ್ಕಂಡು ಬಂದಿದ್ರು. ಕಚ್ಚೋ ನಾಯಿ, ಮಕ್ಕಳು ಮರಿ ಇರೋ ಜಾಗ, ಇಟ್ಕಬ್ಯಾಡ ಅಂದ್ರು. ಡಾಕ್ಟರು ಹೇಳಿದ್ದು ಮುಗೀತಲ್ಲ." ಅಪ್ಪ ನಮ್ಮ ಮುಖ ನೋಡದೆ ಹೇಳುತ್ತಿದ್ದ. "ನಾನೇ ಬಿಚ್ಚಿ ಕೊಟ್ಟೆ. ಎಳೀಬೇಕಾಗಲಿಲ್ಲ. ಬಾಲ ಆಡಿಸ್ಕಂತ ಅವರ ಹಿಂದೇನೇ ಹೋತು."

ಅವ್ವ ಕೈಯಲ್ಲಿದ್ದ ಕಾಯಿಯ ಹೋಳು ನೋಡಿದಳು. ಆಮೇಲೆ, "ಅದು ಉಳೀತು ಅಂತ ಈಗಿನ್ನೂ ಕಾಯಿ ಒಡ್ಸಿ ಬಂದೀನಲ್ರಿ" ಎಂದಳು.

ನನಗೆ ದುಃಖ ಒತ್ತರಿಸಿ ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. "ನಿನ್ನೆ ಇನ್ನೊಂದು ಸಲ ಕಚ್ಚಿಸ್ಕಬೇಕಿತ್ತು ನಾನು. ಇನ್ನೂ ಹತ್ತು ದಿನ ಇಟ್ಕಂತಿದ್ರಿ" ಎಂದು ಕಿರುಚಿದೆ.

ಅವ್ವ ನನ್ನ ಕೆನ್ನೆಗೆ ಒಂದು ಬಾರಿಸಿ, ಮರುಗಳಿಗೆ ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕೂತ. ಆ ದಿನದ ಪ್ರಸಾದವನ್ನು ನಮ್ಮ ಮನೆಯಲ್ಲಿ ಯಾರೂ ತಿನ್ನಲಿಲ್ಲ.